ಜಾರುಬಂಡೆ ಸಾರ್ ಗೆದ್ದ ದಿನ

ಎಲ್ಲ ರಾದ್ಧಾಂತ ಶುರುವಾದದ್ದು ಒಂದು ಹನಿ ನೀರಿನಿಂದ.

ಹನಿ ಜಾರಲಿಲ್ಲ. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಒರೆಸಿ ಹಾಕಿ ಮುಂದಿನ ಕೆಲಸ ನೋಡಿಕೊಳ್ಳುತ್ತಿದ್ದರು. ಜಾರುಬಂಡೆ ಸಾರ್ ಮಾತ್ರ ಮಂಡಿಯೂರಿ ಕೂತು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ಅದನ್ನೇ ನೋಡಿದರು. ತೆಳ್ಳನೆಯ ಹಾಳೆಯ ಮೇಲೆ ಆ ಹನಿ ತವರಿಗೆ ಬಂದ ಮಗಳ ಹಾಗೆ ಆರಾಮಾಗಿ ಕಾಲು ಚಾಚಿ ಹರಡಿಕೊಂಡಿತ್ತು.

ಜಾರುಬಂಡೆ ಅನ್ನುವುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಸಹೋದ್ಯೋಗಿಗಳು ದಯಪಾಲಿಸಿದ್ದು. ಅವರ ಕೆಲಸವೇ ಅಂಥದ್ದು. ದೇಹದೊಳಗೆ ಇಟ್ಟರೆ ಕೆಲವು ತಿಂಗಳಲ್ಲಿ ತಾನೇ ಕರಗಿ ಹೋಗುವ ಒಂದು ಜಾತಿಯ ಪ್ಲಾಸ್ಟಿಕ್ಕಿನ ಹಾಳೆ ಇದೆ. ಅದರ ಮೇಲೆ ಕಾಂಡಕೋಶಗಳನ್ನು, ಅಂದರೆ ಮೂಳೆಯಾಗು ಅಂದರೆ ಮೂಳೆ, ಚರ್ಮವಾಗು ಅಂದರೆ ಚರ್ಮ ಆಗಬಲ್ಲ ಎಳೆಯ ಜೀವಕೋಶಗಳನ್ನು ಬಿತ್ತಿ ಬೆಳೆಸಬೇಕು. ಬೆಳೆದ ಮೇಲೆ ಹಾಳೆ ಕರಗಬೇಕು, ಮೂಳೆ ಉಳಿಯಬೇಕು. ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಆ ಹಾಳೆಯೋ ಕೆಸುವಿನ ಎಲೆಗಿಂತ ನುಣುಪು. ನೀರು ಬಿಟ್ಟರೆ ಗುಂಡಗಾಗಿ ಉರುಳಿ ಹೋಗುತ್ತಿತ್ತು. ಕೋಶ ಬಿಟ್ಟರೆ ಮುನಿಸಿಕೊಂಡ ಬೀಗರ ಹಾಗೆ ಮುದುಡಿ ಕೂತು, ಮಾರನೆಯ ದಿನ ಸತ್ತು ತೇಲುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಕೋಶ ಜಾರಿದ ಹಾಗೆ ಅವರ ಕಾಯಂ ನೌಕರಿಯೂ ವರ್ಷ ವರ್ಷ ಜಾರುತ್ತಿತ್ತು. "ಅಳಿಯಂದಿರದು ಕಾಯಂ ಆಯ್ತಾ?" ಎಂದು ಅತ್ತೆ ಕೇಳುವುದು ಮಾತ್ರ ಜಾರುತ್ತಿರಲಿಲ್ಲ.

ಹಿಂದಿನ ಸಂಜೆ ಡೈರೆಕ್ಟರು ಬಾಗಿಲಲ್ಲೇ ನಿಂತು ಒಂದು ಬಾಂಬು ಹಾಕಿ ಹೋಗಿದ್ದರು. "ನಾಳೆ ಮಧ್ಯಾಹ್ನ ದೊಡ್ಡಾಸ್ಪತ್ರೆಯ ಸರ್ಜನ್ ಮೇಡಂ ಬರ್ತಿದ್ದಾರೆ. ನಿಮ್ಮ ಹಾಳೆ ನೋಡೋಕಂತಲೇ. ಮೊನ್ನೆ ಸಭೆಯಲ್ಲಿ ನೀವು ಮಾತಾಡಿದ್ದನ್ನ ಕೇಳಿದ್ರಂತೆ."

"ಸಾರ್, ಅವತ್ತು ನಾನು ಏನೂ ಅಂಟ್ತಿಲ್ಲ ಅಂತ ತಾನೇ ಹೇಳಿದ್ದು?"

"ಅದಕ್ಕೇ ಹೇಳ್ತಿರೋದು. ಅವರು ಬರೋ ಹೊತ್ತಿಗೆ ಅಂಟಿರಬೇಕು. ಇಲ್ಲಾಂದ್ರೆ ಈ ಸಲ ನಿಮ್ಮ ನೌಕರಿಯ ಕಾಗದಕ್ಕೆ ನಾನು ಸಹಿ ಹಾಕೋದು ಕಷ್ಟ."

ಆ ರಾತ್ರಿ ಜಾರುಬಂಡೆ ಸಾರ್ ಹೊರಳಾಡಿದ ರಭಸಕ್ಕೆ ಹೆಂಡತಿ ದಿಂಬು ಎತ್ತಿಕೊಂಡು ಹೊರಗಿನ ಕೋಣೆಗೆ ಹೋಗಿ ಮಲಗಿದಳು.

ಈಗ ಹನಿ ಜಾರಿಲ್ಲ. ಅವರು ಕಾವುಪೆಟ್ಟಿಗೆಯ ಬಾಗಿಲು ತೆಗೆದು, ಅದೇ ಹಾಳೆಯ ಇನ್ನರ್ಧ ತುಂಡಿನ ಮೇಲೆ ನಿನ್ನೆ ಸಂಜೆ ಕೋಶ ಬಿತ್ತಿಟ್ಟಿದ್ದ ಗಾಜಿನ ತಟ್ಟೆಯನ್ನು ಹೊರತೆಗೆದರು. ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿದರು. ಗುಂಡುಗುಂಡಗಿನ ಸತ್ತ ಕೋಶಗಳು ಒಂದೂ ಇಲ್ಲ. ಎಲ್ಲೆಲ್ಲೂ ನಕ್ಷತ್ರದ ಹಾಗೆ ಕೈಕಾಲು ಚಾಚಿ, ಹಾಳೆಯನ್ನು ತಬ್ಬಿ ಹಿಡಿದ ಜೀವಂತ ಕೋಶಗಳು!

"ಅಂಟಿತು!"

ಅವರು ಮಾಡಿದ ಮೊದಲ ತಪ್ಪು ಹೀಗೆ ಕೂಗಿದ್ದು. ಎರಡನೆಯದು, ಅದೇ ಉಸಿರಿನಲ್ಲಿ ಹೆಂಡತಿಗೆ ಫೋನ್ ಮಾಡಿ "ಅಂಟಿತು ಕಣೇ!" ಅಂದದ್ದು. ಅವಳು "ಏನು, ಗ್ಯಾಸ್ ಒಲೆಯಾ?" ಎಂದು ಕೇಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ಸಲಹೆ ಮೇಡಂ ಬಂದುಬಿಟ್ಟರು.

ಸಲಹೆ ಮೇಡಂ ಸಂಸ್ಥೆಯಲ್ಲೇ ಹಿರಿಯರು. ತಮ್ಮ ಕೆಲಸ ಒಂದು ಬಿಟ್ಟು ಮಿಕ್ಕೆಲ್ಲರ ಕೆಲಸವೂ ಅವರಿಗೆ ಅಂಗೈ ನೆಲ್ಲಿಕಾಯಿ. ಅವರ ಬೆನ್ನ ಹಿಂದೆಯೇ ಎದುರು ಕೋಣೆಯ ಯಂತ್ರದ ಯಜಮಾನರು ಬಂದರು. ಹಾಳೆಯ ನುಣುಪು ಕೆರೆಯುವ ನೇರಳೆ ಬೆಳಕಿನ ಯಂತ್ರ ಸಂಸ್ಥೆಗೆಲ್ಲ ಒಂದೇ. ಅದು ಇವರ ಕೋಣೆಯಲ್ಲಿದೆ. ಆ ಒಂದೇ ಕಾರಣಕ್ಕೆ ಅವರು ಯಾರಿಗೂ ಮೊದಲು ನಮಸ್ಕಾರ ಹೇಳುವುದಿಲ್ಲ.

"ನೋಡಿದ್ರಾ, ನನ್ನ ಯಂತ್ರದ ಮಹಿಮೆ," ಅಂದರು ಯಜಮಾನರು, ಇನ್ನೂ ಏನನ್ನೂ ನೋಡದೆ.

"ಯಂತ್ರದ್ದೇನ್ರೀ ಮಹಿಮೆ? ಅದರಲ್ಲಿ ಬರೀ ಕೆರೆದ್ರೆ ಆಗತ್ತಾ? ಕೆರೆದ ಮೇಲೆ ಪ್ರೋಟೀನಿನ ಗಂಜಿ ಹಚ್ಚಿ ಅಂತ ಬುದ್ಧಿ ಹೇಳಿದ್ದು ನಾನು," ಅಂದರು ಸಲಹೆ ಮೇಡಂ. "ಸರೀರಿ ಆ ಕಡೆ, ನೋಡ್ತೀನಿ."

"ಮೇಡಂ, ಫೋಕಸ್ ಸರಿಯಾಗಿದೆ, ಏನೂ ಮುಟ್ಟಬೇಡಿ..."

"ಎಷ್ಟು ವರ್ಷದಿಂದ ನೋಡ್ತಿದೀನಿ ನಾನು! ಮಸುಕಾಗಿದೆ ಇದು."

ಮಸುಕಾಗಿದ್ದದ್ದು ಅವರ ಕನ್ನಡಕ. ಅವರು ತಿರುಗಿಸಿದ್ದು ದೊಡ್ಡ ತಿರುಪು. ಮಸೂರ ಸೀದಾ ಇಳಿಯಿತು. ಕಟಕ್ ಎಂದು ಸದ್ದಾಯಿತು. ತಟ್ಟೆ ಎರಡಾಗಿ ಸೀಳಿ, ಗುಲಾಬಿ ಬಣ್ಣದ ದ್ರವ ಮೇಜಿನಿಂದ ಹರಿದು ಜಾರುಬಂಡೆ ಸಾರ್ ಪ್ಯಾಂಟಿನ ಮುಂಭಾಗಕ್ಕೆ ಬಿತ್ತು. ವರ್ಷಗಳ ತಪಸ್ಸಿನ ಫಲ ಅವರ ಬೂಟಿನ ಮೇಲೆ ತೊಟ್ಟಿಕ್ಕಿತು.

ಜಾರುಬಂಡೆ ಸಾರ್ ಎರಡು ಚೂರನ್ನೂ ಎತ್ತಿ ಜೋಡಿಸಿ ನೋಡಿದರು.

"ಇಂಥಾ ತಟ್ಟೆ ತರಿಸ್ತಾರಲ್ಲ, ಅವರಿಗೆ ಹೇಳಬೇಕು," ಅಂದರು ಸಲಹೆ ಮೇಡಂ.

ಜಾರುಬಂಡೆ ಸಾರ್‌ಗೆ ಅಳುವುದಕ್ಕೂ ಪುರಸೊತ್ತಿರಲಿಲ್ಲ. ಕೋಶ ಹಾಳೆಗೆ ಕಚ್ಚಿಕೊಳ್ಳಲು ನಾಲ್ಕು ಗಂಟೆಯಾದರೂ ಬೇಕು. ಸರ್ಜನ್ ಬರುವುದು ಮಧ್ಯಾಹ್ನ. ಈಗಲೇ ಶುರು ಮಾಡಿದರೆ ಒಂದು ಕೈ ನೋಡಬಹುದು. ಅವರು ಕಪಾಟಿನಿಂದ ಹಾಳೆಗಳ ಡಬ್ಬ ಇಳಿಸಿದರು.

"ಎರಡು ಸಾಕು," ಅಂದರು.

"ಎರಡಾ?" ಸಲಹೆ ಮೇಡಂ ಸೊಂಟದ ಮೇಲೆ ಕೈಯಿಟ್ಟರು. "ಒಂದು ಹರಿದು, ಇನ್ನೊಂದು ಕೈ ಕೊಟ್ರೆ ಏನು ಮಾಡ್ತೀರಿ? ಇರೋದನ್ನೆಲ್ಲ ಮಾಡಿ."

"ಸಾಮಾನು ಇಷ್ಟೇ ಉಳಿದಿರೋದು ಮೇಡಂ. ಹೊಸದು ಬರೋಕೆ ಇನ್ನೂ ಮೂರು ತಿಂಗಳು."

"ನಿಮ್ಮ ನೌಕರಿ ಇನ್ನು ಮೂರು ತಿಂಗಳು ಇರತ್ತಾ?"

ಜಾರುಬಂಡೆ ಸಾರ್ ಡಬ್ಬವನ್ನೇ ಬೋರಲು ಹಾಕಿದರು. ವಕ್ರವಾಗಿ ಕತ್ತರಿಸಿದ್ದ ಒಂದು ಚೂರು ಮಾತ್ರ ಯಾವುದಕ್ಕೂ ಬಾರದ್ದೆಂದು ಡಬ್ಬದ ತಳದಲ್ಲೇ ಉಳಿಯಿತು.

ಯಂತ್ರದ ಕೋಣೆಯಲ್ಲಿ ಯಜಮಾನರು ಬಾಗಿಲಿಗೆ ಅಡ್ಡ ನಿಂತರು. "ಮೊದಲು ಒಂದು ಮಾತು ಇತ್ಯರ್ಥ ಆಗಲಿ. ಇದು ನಾಳೆ ವಿಜ್ಞಾನ ಪತ್ರಿಕೆಯಲ್ಲಿ ಬರತ್ತಲ್ಲ, ಮೊದಲನೇ ಹೆಸರು ಯಾರದು?"

"ನಂದು," ಅಂದರು ಸಲಹೆ ಮೇಡಂ.

"ಹಾಗಾದ್ರೆ ನಿಮ್ಮ ಗಂಜಿ ನೀವೇ ಇಟ್ಕೊಳ್ಳಿ. ಯಂತ್ರ ಸಿಗಲ್ಲ."

"ಇಬ್ಬರದೂ ಮೊದಲನೇದೇ ಹಾಕಿಸ್ತೀನಿ!" ಜಾರುಬಂಡೆ ಸಾರ್ ಕೈಮುಗಿದರು. "ಒಂದರ ಮೇಲೊಂದು ಅಚ್ಚು ಹಾಕಿದ್ರೂ ಪರವಾಗಿಲ್ಲ. ಸಾರ್, ದಮ್ಮಯ್ಯ, ಸ್ವಿಚ್ ಹಾಕಿ."

ಸ್ವಿಚ್ ಹಾಕಿದರೆ ಯಂತ್ರ ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಯಜಮಾನರು ಅದರ ಬೆನ್ನು ಸವರಿದರು, ಮುದ್ದು ಮಾಡಿದರು, ಗದರಿದರು. ಅದು ಸೋಮಾರಿ ಎತ್ತಿನ ಹಾಗೆ ಅಲ್ಲಾಡಲಿಲ್ಲ. ಕೊನೆಗೆ ಸಲಹೆ ಮೇಡಂ ಯಾರ ಅಪ್ಪಣೆಯನ್ನೂ ಕೇಳದೆ ಒಂದು ಒದೆ ಕೊಟ್ಟರು. ಗಾಜಿನ ಕಿಂಡಿಯೊಳಗೆ ನೇರಳೆ ಬೆಳಕು ಹೊತ್ತಿಕೊಂಡಿತು. ಅವತ್ತು ಅವರು ಕೊಟ್ಟ ಸಲಹೆಗಳಲ್ಲೆಲ್ಲ ಉಪಯೋಗಕ್ಕೆ ಬಂದದ್ದು ಅದೊಂದೇ.

ಕೆರೆದದ್ದಾಯಿತು. ಗಂಜಿ ಹಚ್ಚಿದ್ದಾಯಿತು. ತೊಳೆದು, ಕೋಶ ಬಿತ್ತಿ, ತಟ್ಟೆಗಳನ್ನು ಸಾಲಾಗಿ ಕಾವುಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಮುಚ್ಚಿದಾಗ ಜಾರುಬಂಡೆ ಸಾರ್ ಅಂಗಿ ಬೆನ್ನಿಗೆ ಮೆತ್ತಿಕೊಂಡಿತ್ತು.

ಇನ್ನು ಕಾಯಬೇಕು, ಬೇರೆ ಕೆಲಸವಿಲ್ಲ. ಕಾಯುವುದೊಂದೇ ಅವರಿಗೆ ಬಾರದ ವಿದ್ಯೆ. ಕೂತರು, ಎದ್ದರು. ಕಿಟಕಿಯ ಹತ್ತಿರ ಹೋದರು, ಕಿಟಕಿ ಸರಿಯಾಗಿಯೇ ಇತ್ತು, ವಾಪಸು ಬಂದರು. ಕೈ ತೊಳೆದರು. ತೊಳೆದದ್ದು ಮರೆತು ಇನ್ನೊಮ್ಮೆ ತೊಳೆದರು. ಒಂದು ಸಣ್ಣ ಇಣುಕು ಹಾಕೋಣ ಎಂದು ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗಿನ ಬಿಸಿ ಹೊರಗೋಡಿ, ಪೆಟ್ಟಿಗೆ ಕೀ ಕೀ ಎಂದು ಇಡೀ ಮಹಡಿಗೆ ಕೇಳುವಂತೆ ಅರಚಿತು. ಮೂರನೆಯ ಸಲ ಅರಚಿದಾಗ ಸಲಹೆ ಮೇಡಂ ಬಂದು, ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಹೋದರು.

"ಕೋಶಕ್ಕೆ ನಾಚಿಕೆ ಇರತ್ತೆ ಕಣ್ರೀ. ಯಾರಾದ್ರೂ ನೋಡ್ತಾ ನಿಂತ್ರೆ ಅಂಟ್ಕೊಳ್ಳಲ್ಲ."

ಅದೇ ಹೊತ್ತಿಗೆ ಗೇಟಿನ ಕಾವಲುಗಾರ ಫೋನ್ ಮಾಡಿದ. "ಸಾರ್, ನಿಮ್ಮ ಮಾವನೋರಂತೆ, ಯಾರೋ ಬಂದವರೆ. ಮಂಡಿ ಹಾಕಿಸ್ಕೊಳ್ಳೋಕೆ ಅಂತಿದಾರೆ. ಒಳಗೆ ಬಿಡ್ಲಾ?"

ಬಿಡಬೇಡ ಅನ್ನುವ ಮೊದಲೇ ಬಾಗಿಲಲ್ಲಿ ಹೆಂಡತಿಯ ದೊಡ್ಡಪ್ಪ ಪ್ರತ್ಯಕ್ಷರಾದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬಾವುಟದ ಹಾಗೆ ಹಿಡಿದ ಎಕ್ಸ್‌ರೇ. ಕೋಣೆಯ ತುಂಬ ನೋವಿನ ಮುಲಾಮಿನ ಘಾಟು.

"ಅಳಿಯಂದಿರೇ! ಅಂಟಿತಂತಲ್ಲ!"

"ಯಾರು ಹೇಳಿದ್ದು ದೊಡ್ಡಪ್ಪ?"

"ನಿಮ್ಮ ಹೆಂಡತಿ ಅವಳಮ್ಮಂಗೆ ಹೇಳಿದ್ಲು, ಅವಳು ನನ್ನ ಹೆಂಡತಿಗೆ ಹೇಳಿದ್ಲು. ನಮ್ಮ ಅಳಿಯಂದಿರು ಸವೆದ ಮೂಳೆಗೆ ಹೊಸ ಮೂಳೆ ಅಂಟಿಸ್ತಾರೆ ಅಂತ. ಮೊದಲು ನಂದೇ ಆಗಲಿ. ಮನೆಯವರು ತಾನೇ, ಹೆಚ್ಚುಕಮ್ಮಿ ಆದ್ರೂ ನಾನೇನೂ ಅನ್ನಲ್ಲ." ಅವರು ಸ್ಟೂಲಿನ ಮೇಲೆ ಕೂತು, ಪ್ಯಾಂಟನ್ನು ಮೊಣಕಾಲಿನವರೆಗೆ ಸುತ್ತಿ, ಕರಡಿಗೂ ನಾಚಿಕೆಯಾಗುವಷ್ಟು ಕೂದಲಿದ್ದ ಕಾಲನ್ನು ಮೇಜಿನ ಮೇಲಿಟ್ಟೇ ಬಿಟ್ಟರು.

ಜಾರುಬಂಡೆ ಸಾರ್ ಬಿಡಿಸಿ ಬಿಡಿಸಿ ಹೇಳಿದರು. ಇದು ಇನ್ನೂ ಗಾಜಿನ ತಟ್ಟೆಯಲ್ಲಿ ಮಾತ್ರ, ಮನುಷ್ಯರ ಮಂಡಿಗೆ ಬರಬೇಕಾದರೆ ವರ್ಷಗಳೇ ಬೇಕು, ದಯವಿಟ್ಟು ಕಾಲು ಇಳಿಸಿ. ದೊಡ್ಡಪ್ಪ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ಸರಿ, ಹಾಗಾದ್ರೆ ನಿಧಾನಕ್ಕೆ ಹಾಕಿ, ನಾನು ಕೂತಿರ್ತೀನಿ," ಅಂದರು.

ಗಡಿಯಾರ ಓಡುತ್ತಿತ್ತು. ಹೊರಗೆ ಡೈರೆಕ್ಟರ ಬೂಟಿನ ಸದ್ದು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿತ್ತು. ಈ ಕಾಲನ್ನು ಅವರೇನಾದರೂ ನೋಡಿದರೆ ಕಾಯಂ ಅಲ್ಲ, ಇದ್ದದ್ದೂ ಹೋಯಿತು. ಜಾರುಬಂಡೆ ಸಾರ್ ತಡಬಡಿಸಿ ಡಬ್ಬ ತೆಗೆದು, ತಳದಲ್ಲಿ ಬಿದ್ದಿದ್ದ ಆ ವಕ್ರ ಚೂರನ್ನು ದೊಡ್ಡಪ್ಪನ ಮಂಡಿಯ ಮೇಲಿಟ್ಟು, ತಮ್ಮ ಕರವಸ್ತ್ರ ಸುತ್ತಿ ಗಂಟು ಹಾಕಿದರು.

"ಆಯ್ತು ದೊಡ್ಡಪ್ಪ. ಮನೆಗೆ ಹೋಗಿ ಮಲಗಿ."

"ಹಾಯೆನಿಸ್ತಿದೆ," ಅಂದರು ದೊಡ್ಡಪ್ಪ, ಪ್ಯಾಂಟು ಇಳಿಸುತ್ತ. ಆದರೆ ಮನೆಗೆ ಹೋಗದೆ ಸ್ಟೂಲಿನ ಸಮೇತ ಮೂಲೆಗೆ ಸರಿದರು. "ಈಗಷ್ಟೇ ಅಂಟಿಸಿದೀರಿ. ನಡೆದ್ರೆ ಬಿಟ್ಟುಹೋಗಲ್ವಾ? ಸ್ವಲ್ಪ ಒಣಗಲಿ."

ಮುಂದೆ ವಾದಿಸಲು ಸಮಯವಿರಲಿಲ್ಲ. ಸಲಹೆ ಮೇಡಂ ಬೀಗದ ಕೈ ತಂದರು. ತಟ್ಟೆಗಳು ಹೊರಬಂದವು. ಈ ಸಲ ಸೂಕ್ಷ್ಮದರ್ಶಕದ ಹತ್ತಿರ ಯಾರನ್ನೂ ಬಿಡದೆ ಜಾರುಬಂಡೆ ಸಾರ್ ಎರಡೂ ಮೊಣಕೈಯನ್ನು ಅಗಲಿಸಿ ಕೋಟೆ ಕಟ್ಟಿಕೊಂಡು ಬಗ್ಗಿದರು. ಮೊದಲನೆಯ ತಟ್ಟೆ: ಅಂಟಿದೆ. ಎರಡನೆಯದು: ಅಂಟಿದೆ. ಮೂರು, ನಾಲ್ಕು, ಐದು, ಎಲ್ಲದರಲ್ಲೂ! ಕೋಶಗಳು ಕೈಕಾಲು ಚಾಚಿ ಹಾಳೆಯನ್ನು ಜಿಗಣೆಯ ಹಾಗೆ ಕಚ್ಚಿಕೊಂಡಿವೆ. ಒಂದಾದರೂ ಕೈ ಕೊಡಬೇಡವೇ? ಇಲ್ಲ. ಅವರ ಕಣ್ಣಲ್ಲಿ ನೀರು ಬಂತು. ಯಜಮಾನರು ಅವರ ಬೆನ್ನು ತಟ್ಟಿದರು. ಸಲಹೆ ಮೇಡಂ, "ನಾನು ಒದೀದೇ ಇದ್ದಿದ್ರೆ?" ಅಂದರು.

ಬಾಗಿಲು ತೆರೆಯಿತು. ಡೈರೆಕ್ಟರು, ಅವರ ಹಿಂದೆ ಸರ್ಜನ್ ಮೇಡಂ. ಗಿಡ್ಡನೆಯ, ಚುರುಕಾದ ಹೆಂಗಸು. ಕೂದಲು ಅರ್ಧ ನರೆತಿತ್ತು. ಬಂದವರೇ ಜಾರುಬಂಡೆ ಸಾರ್ ಕೈ ಹಿಡಿದು ಕುಲುಕಿದರು.

"ನೀವೇ ಅಲ್ವಾ! ಸಭೆಯಲ್ಲಿ ನಿಮ್ಮ ಮಾತು ಕೇಳಿದ ಮೇಲೆ ನನಗೆ ನಿದ್ದೇನೇ ಬಂದಿಲ್ಲ. ಎಲ್ಲಿ, ತೋರಿಸಿ."

"ನಮ್ಮ ಸಂಸ್ಥೆಯ ಹೆಮ್ಮೆ ಇವರು," ಅಂದರು ಡೈರೆಕ್ಟರು. ನಿನ್ನೆ ಸಂಜೆಯವರೆಗೆ ಆ ಹೆಮ್ಮೆ ಎಲ್ಲಿ ಅಡಗಿತ್ತೋ ದೇವರಿಗೇ ಗೊತ್ತು.

ಸರ್ಜನ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎರಡನೆಯ ತಟ್ಟೆ ಇಡಲು ಹೇಳಿ ಅದನ್ನೂ ನೋಡಿದರು. ಮೂರನೆಯದನ್ನು ಇಟ್ಟಾಗ ಅವರ ಹುಬ್ಬು ಗಂಟಿಕ್ಕಿತ್ತು.

"ಎಲ್ಲದಕ್ಕೂ ಅಂಟಿದೆಯಲ್ಲ?"

"ಎಲ್ಲದಕ್ಕೂ ಮೇಡಂ!" ಜಾರುಬಂಡೆ ಸಾರ್ ಎದೆ ಉಬ್ಬಿತು. "ಒಂದೂ ಬಿಟ್ಟಿಲ್ಲ."

ಸರ್ಜನ್ ನಿಧಾನವಾಗಿ ಸ್ಟೂಲಿನ ಮೇಲೆ ಕೂತರು. ಗಾಳಿ ಹೋದ ಬಲೂನಿನ ಹಾಗೆ ಕಾಣುತ್ತಿದ್ದರು. "ನೋಡಿ, ನಾನು ಹೊಟ್ಟೆ ಕುಯ್ಯೋಳು. ಎಷ್ಟು ಚೆನ್ನಾಗಿ ಹೊಲಿದ್ರೂ ಗಾಯ ಮಾಯೋವಾಗ ಒಳಗಿನ ಕರುಳು ಒಂದಕ್ಕೊಂದು ಅಂಟ್ಕೊಂಡುಬಿಡತ್ತೆ. ಬಿಡಿಸೋಕೆ ಮತ್ತೆ ಕುಯ್ಯಬೇಕು. ನಡುವೆ ಇಡೋಕೆ ಒಂದು ಹಾಳೆ ಬೇಕು. ಅದಕ್ಕೆ ಏನಂದ್ರೆ ಏನೂ ಅಂಟಬಾರದು, ಗಾಯ ಮಾದ ಮೇಲೆ ತಾನೇ ಕರಗಿ ಹೋಗಬೇಕು. ಅಂಥದ್ದಕ್ಕೆ ಎಲ್ಲೆಲ್ಲೋ ಹುಡುಕ್ತಿದ್ದೆ. ಅವತ್ತು ಸಭೆಯಲ್ಲಿ ನೀವು ಎದ್ದು ನಿಂತು, ಈ ಹಾಳೆಗೆ ಏನು ಮಾಡಿದ್ರೂ ಒಂದು ಕೋಶಾನೂ ಅಂಟಲ್ಲ ಅಂತ ಹೇಳಿದ್ರಿ. ಎಲ್ಲಾ ನಕ್ಕರು. ನನಗೆ ಕುಣಿಯೋ ಹಾಗಾಯ್ತು."

ಜಾರುಬಂಡೆ ಸಾರ್ ಕೈಯಲ್ಲಿದ್ದ ನಾಲ್ಕನೆಯ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನಾಡಿದ್ದು ನಮ್ಮ ಕಮಿಟಿ ಸೇರತ್ತೆ. ಕೈಯಲ್ಲಿ ಒಂದು ತುಂಡು ಹಿಡ್ಕೊಂಡು ಹೋಗಿದ್ರೆ ಅವತ್ತೇ ಒಪ್ಪಿಗೆ ಆಗ್ತಿತ್ತು. ನಿಮಗೇ ಅಂತ ಒಂದು ಪ್ರಯೋಗಾಲಯ, ಕಾಯಂ ನೌಕರಿ, ಮನೆ, ಎಲ್ಲಾ ಮಾತಾಡಿ ಬಂದಿದ್ದೆ."

"ಇದೆ ಮೇಡಂ!" ಜಾರುಬಂಡೆ ಸಾರ್ ಎಗರಿದರು. "ಅಂಟದೇ ಇರೋದು ಬೇಕಾದಷ್ಟಿದೆ! ಅದನ್ನೇ ತಾನೇ ನಾನು ಇಷ್ಟು ವರ್ಷ..." ಡಬ್ಬ ತೆಗೆದರು. ಖಾಲಿ. ಕಪಾಟು ತೆಗೆದರು. ಖಾಲಿ. ಕಸದ ಬುಟ್ಟಿಯನ್ನು ಸುರಿದು ಕೈಯಾಡಿಸಿದರು. ತಲೆಯೆತ್ತಿ ಸಲಹೆ ಮೇಡಂ ಮುಖ ನೋಡಿದರೆ, ಅವರು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ಏನನ್ನೋ ನೋಡುತ್ತಿದ್ದರು.

ಆಗ ಮೂಲೆಯಿಂದ ದೊಡ್ಡಪ್ಪ ಕೆಮ್ಮಿದರು. "ಅಳಿಯಂದಿರೇ, ಹುಡುಕ್ತಿರೋದು ಇದನ್ನಾ?" ಎನ್ನುತ್ತ ಪ್ಯಾಂಟು ಸುತ್ತಿ, ಕಾಲನ್ನು ಮುಂದೆ ಚಾಚಿದರು.

ಡೈರೆಕ್ಟರು ಕಣ್ಣು ಕಣ್ಣು ಬಿಟ್ಟರು. "ಇವರು ಯಾರು?"

ಸರ್ಜನ್ ಮೇಡಂ ಕಣ್ಣು ಮಿಂಚಿತು. "ಯಂತ್ರಕ್ಕೆ ಹಾಕದೇ ಇರೋ ಹಾಳೆಯಾ?"

"ಹೌದು ಮೇಡಂ! ನೋಡಿ ಈಗ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರತ್ತೆ," ಎಂದು ಜಾರುಬಂಡೆ ಸಾರ್ ಗಂಟು ಬಿಚ್ಚಿ, ಹಾಳೆಯ ಅಂಚು ಹಿಡಿದು ಎಳೆದರು.

"ಅಯ್ಯಯ್ಯಯ್ಯೋ!"

ದೊಡ್ಡಪ್ಪನ ಕೂಗಿಗೆ ಸೂಕ್ಷ್ಮದರ್ಶಕವೇ ನಡುಗಿತು. ನಾಲ್ಕು ಪದರ ಮುಲಾಮು ಮೈ ಬಿಸಿಗೆ ಕರಗಿ ಗೋಂದಾಗಿತ್ತು. ಹಾಳೆ ಬಂತು. ಹಾಳೆಯ ಜೊತೆಗೆ ಮಂಡಿಯ ಮೇಲಿನ ಅಷ್ಟೂ ಕೂದಲು ಸಾಲು ಸಾಲಾಗಿ ನೆಟ್ಟ ಪೈರಿನ ಹಾಗೆ ಬಂತು.

ಸರ್ಜನ್ ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲನೆ ಮೇಜಿನ ಮೇಲಿಟ್ಟರು. "ಇದನ್ನ ಕಮಿಟಿ ಮುಂದೆ ಇಡೋಕಾಗಲ್ಲ," ಅಂದರು. ಯಜಮಾನರು ಗೋಡೆಗೆ ತಿರುಗಿ ನಗುತ್ತಿದ್ದರು. ಬರೀ ಭುಜ ಕುಣಿಯುತ್ತಿತ್ತು. ಮುಲಾಮಿನದ್ದೇ ತಪ್ಪು, ಹಾಳೆಯದ್ದಲ್ಲ ಎಂದು ಜಾರುಬಂಡೆ ಸಾರ್ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಮೂರು ತಿಂಗಳು ಕಾಯಲು ಸರ್ಜನ್‌ಗೆ ಆಗುವುದಿಲ್ಲ. ಬೇರೊಂದು ಕಡೆ ಒಬ್ಬರು ಹೆಚ್ಚುಕಡಿಮೆ ಇಂಥದ್ದೇ ಹಾಳೆ ಕೊಡುತ್ತೇವೆ ಅಂದಿದ್ದಾರಂತೆ. ಅಷ್ಟು ಒಳ್ಳೆಯದಲ್ಲ, ಆದರೆ ಕೈಯಲ್ಲಿದೆ.

ಏಳುವ ಮುಂಚೆ ಸರ್ಜನ್ ಮೇಡಂ ಕಣ್ಣು ದೊಡ್ಡಪ್ಪನ ಎಕ್ಸ್‌ರೇ ಮೇಲೆ ಬಿತ್ತು. ವೈದ್ಯರ ಅಭ್ಯಾಸ, ಎತ್ತಿ ನೋಡಿದರು. "ಎಷ್ಟು ದಿನದಿಂದ ಈ ನೋವು? ಇದಕ್ಕೆ ಮುಲಾಮು ಹಚ್ಕೊಂಡು ಕೂತಿದೀರಲ್ಲ! ನಮ್ಮ ಮೂಳೆ ಡಾಕ್ಟರು ಇವತ್ತು ಇದಾರೆ. ನಾನು ಆ ಕಡೆಗೇ ಹೊರಟಿರೋದು, ಬನ್ನಿ, ಕಾರಲ್ಲಿ ಜಾಗ ಇದೆ. ಬೇರೊಬ್ಬರನ್ನ ಕರ್ಕೊಂಡು ಹೋಗೋಣ ಅಂತ ಬಂದಿದ್ದೆ..." ಮಾತು ಅರ್ಧಕ್ಕೇ ನಿಂತಿತು.

ದೊಡ್ಡಪ್ಪ ಕೋಲನ್ನು ಊರುವುದೂ ಮರೆತು ಎದ್ದು ನಿಂತರು.

ಕಿಟಕಿಯಿಂದ ಜಾರುಬಂಡೆ ಸಾರ್ ನೋಡಿದರು. ದೊಡ್ಡ ಬಿಳೀ ಕಾರು. ಮುಂದಿನ ಸೀಟಿನಲ್ಲಿ ದೊಡ್ಡಪ್ಪ, ತೊಡೆಯ ಮೇಲೆ ಎಕ್ಸ್‌ರೇ, ಮದುಮಗನ ಗತ್ತು. ಕಾರು ಗೇಟು ದಾಟಿತು.

ಡೈರೆಕ್ಟರು ಗಂಟಲು ಸರಿಮಾಡಿಕೊಂಡರು. "ನೋಡಿ, ಅಂಟಿಸೋ ಕೆಲಸ ಒಂದು ಹಂತಕ್ಕೆ ಬಂತು. ಸಂತೋಷ. ಅದನ್ನ ಇನ್ನು ಮುಂದೆ ಸಲಹೆ ಮೇ... ಹಿರಿಯ ಮೇಡಂ ನೋಡ್ಕೊಳ್ತಾರೆ, ಅವರಿಗೆ ಅನುಭವ ಇದೆ. ನಿಮಗೆ ಇನ್ನೊಂದು ವರ್ಷಕ್ಕೆ ಸಹಿ ಹಾಕ್ತೀನಿ. ಕಾಯಂ ಅಲ್ಲ, ತಾತ್ಕಾಲಿಕ. ನಾಳೆಯಿಂದ ನೀವು ಅಂಟದ ಹಾಳೆ ಶುರು ಮಾಡಿ."

"ಸಾಮಾನು ಬರೋಕೆ ಮೂರು ತಿಂಗಳು ಸಾರ್."

"ಅಲ್ಲೀತನಕ ಮೇಡಂಗೆ ಸಹಾಯ ಮಾಡಿ."

"ಮೊದಲು ನೀವು ಆ ಪ್ಯಾಂಟು ತೊಳೀರಿ," ಅಂದರು ಸಲಹೆ ಮೇಡಂ.

ಜಾರುಬಂಡೆ ಸಾರ್ ಕಲೆಯಾದ ಪ್ಯಾಂಟಿನಲ್ಲೇ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹೆಂಡತಿಯ ಫೋನ್ ಬಂತು. ಅವಳ ದನಿ ಖುಷಿಯಿಂದ ಕುಪ್ಪಳಿಸುತ್ತಿತ್ತು.

"ರೀ, ದೊಡ್ಡಪ್ಪ ಆಸ್ಪತ್ರೆಯಿಂದ ಫೋನ್ ಮಾಡಿದ್ರು! ಎಂಥಾ ಮರ್ಯಾದೆಯಂತೆ! ಸರ್ಜನ್ನೇ ಕಾರಲ್ಲಿ ಕೂರಿಸ್ಕೊಂಡು ಹೋದ್ರಂತೆ. ಮುಂದಿನ ವಾರ ಆಪರೇಷನ್ನು. ಎಲ್ಲಾ ಅಳಿಯಂದಿರಿಂದ ಅಂತ ಊರಿಗೆಲ್ಲ ಹೇಳ್ತಿದಾರೆ. ಅಮ್ಮ ಅಂತೂ ಅತ್ತೇಬಿಟ್ಲು."

"ಸರಿ ಕಣೇ."

"ಅಂದಹಾಗೆ, ನಾಳೆ ನೀವು ರಜಾ ಗಿಜಾ ಹಾಕಬೇಡಿ. ಅಮ್ಮನ ಸೊಂಟ, ಚಿಕ್ಕಪ್ಪನ ಭುಜ, ಆಮೇಲೆ ಪಕ್ಕದ್ಮನೆಯವರ ಹಿಮ್ಮಡಿ, ಎಲ್ಲಾ ಬೆಳಗ್ಗೆ ಗೇಟಿನ ಹತ್ರ ಬಂದು ಕೂತಿರ್ತಾರಂತೆ."